ಎಂಜಿನ್ ಗಟ್ಟಿ, ನೆಲ ಟೊಳ್ಳು: ಹಳೆ ವ್ಯಾನನ್ನು ರಿಪೇರಿ ಮಾಡಿಸುವುದೋ, ಬದಲಿಸುವುದೋ?

2025ರ ಜೂನ್ ಎರಡನೇ ವಾರ. ಸುಳ್ಯ ಪೇಟೆಯಿಂದ ಎರಡು ಮೂಟೆ ಪೊಟಾಷ್ ಹೇರಿಕೊಂಡು ಬರುತ್ತಿದ್ದೆ. ನಮ್ಮ ಓಮ್ನಿಯ ಹಿಂದಿನ ಎಡಗಡೆ ಚಕ್ರ ಪಂಕ್ಚರ್. ಮಳೆ ಬೇರೆ. ಮೂಟೆಗಳನ್ನು ಕೆಳಗಿಳಿಸಿ ಟಾರ್ಪಾಲು ಮುಚ್ಚಿ, ಜಾಕ್ ಇಟ್ಟು ತಿರುಗಿಸಿದೆ. ಜಾಕ್ ಏರಿತು, ವ್ಯಾನ್ ಏರಲಿಲ್ಲ! ಬಗ್ಗಿ ನೋಡಿದರೆ ಜಾಕಿನ ತಲೆ ತಗಡಿನ ಒಳಗೇ ಹೋಗಿತ್ತು. ಕೈ ಹಾಕಿದೆ. ಹಪ್ಪಳದ ಹಾಗೆ ಪುಡಿಪುಡಿಯಾಗಿ ತುಕ್ಕು ಉದುರಿತು.

ಆವತ್ತು ರಸ್ತೆಬದಿಯ ಕಲ್ಲೊಂದನ್ನು ಒಟ್ಟಿ ಹೇಗೋ ಚಕ್ರ ಬದಲಿಸಿ ಮನೆ ಸೇರಿದೆ. ಆದರೆ ತಲೆಯೊಳಗೆ ಒಂದೇ ಲೆಕ್ಕ ಓಡುತ್ತಿತ್ತು. ಇದೇ ವ್ಯಾನಿಗೆ 2022ರಲ್ಲಿ ಎಂಜಿನ್ ಬಿಚ್ಚಿಸಿ ಬೋರ್, ಪಿಸ್ಟನ್, ರಿಂಗ್, ವಾಲ್ವು, ಕ್ಲಚ್ ಪ್ಲೇಟು ಎಂದು ರೂ. 38,000 ಸುರಿದಿದ್ದೆ. ಎಂಜಿನ್ ಈಗಲೂ ಹೊಸದರ ಹಾಗೆ ಓಡುತ್ತದೆ. ಹೊಗೆ ಇಲ್ಲ, ಆಯಿಲ್ ಕುಡಿಯುವುದಿಲ್ಲ. ಅಷ್ಟೆಲ್ಲ ಖರ್ಚು ಮಾಡುವ ಮೊದಲು ಒಮ್ಮೆ ನೆಲದ ಮ್ಯಾಟ್ ಎತ್ತಿ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ.

ಹಳೆ ಕಾರು, ಜೀಪು, ವ್ಯಾನು ಇಟ್ಟುಕೊಂಡ ನಮ್ಮಂಥ ಕೃಷಿಕರು ಬಹಳ ಮಂದಿ. ರಿಪೇರಿ ಮಾಡಿಸುವುದೋ ಕೊಡುವುದೋ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಎಲ್ಲರ ಅಂಗಳಕ್ಕೂ ಬರುತ್ತದೆ. ನಾನು ಒಮ್ಮೆ ತಪ್ಪಿ, ಒಮ್ಮೆ ಲೆಕ್ಕ ಹಾಕಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ವೆನಿಲಾ ವ್ಯಾನು

ಇದನ್ನು ಅಪ್ಪ 2005ರ ಡಿಸೆಂಬರಿನಲ್ಲಿ ತೆಗೆದದ್ದು. ವೆನಿಲಾದ ಹುಚ್ಚು ಬೆಲೆ ಆಗಲೇ ಇಳಿದಿತ್ತು. ಅದಕ್ಕೆ ಮೊದಲು ಬಂದ ಹಣದಲ್ಲಿ ಉಳಿಸಿಟ್ಟದ್ದನ್ನು ಅಪ್ಪ ಇದಕ್ಕೆ ಹಾಕಿದರು. ವೆನಿಲಾ ಬಳ್ಳಿ ಎರಡೇ ವರ್ಷದಲ್ಲಿ ಕೊಳೆತು ಹೋಯಿತು, ವ್ಯಾನು ಉಳಿಯಿತು. ಅದಕ್ಕೇ ಮನೆಯಲ್ಲಿ ಅದಕ್ಕೆ ವೆನಿಲಾ ವ್ಯಾನು ಎಂದೇ ಹೆಸರು.

ತೋಟದವರಿಗೆ ಓಮ್ನಿ ಹೇಳಿ ಮಾಡಿಸಿದ ಗಾಡಿ. 796 ಸಿ.ಸಿ.ಯ ಸಣ್ಣ ಎಂಜಿನ್, ಹಿಂದಿನ ಚಕ್ರಕ್ಕೆ ಎಳೆತ. ಹೇರು ಇದ್ದಷ್ಟೂ ಹಿಂದಿನ ಚಕ್ರ ನೆಲ ಕಚ್ಚಿ ಗುಡ್ಡೆ ದಾರಿ ಹತ್ತುತ್ತದೆ. ಹಿಂದಿನ ಸೀಟು ತೆಗೆದರೆ ಅಡಿಕೆ ಗೋಣಿ, ತೆಂಗಿನಕಾಯಿ, ಸ್ಪ್ರೇಯರ್, ಒಮ್ಮೊಮ್ಮೆ ಕರು ಕೂಡಾ. ಸೀಟು ಹಾಕಿದರೆ ಮದುವೆಗೆ ಎಂಟು ಮಂದಿ. ಹೊಸ ಸುರಕ್ಷತಾ ನಿಯಮಗಳು ಬಂದ 2019ರಲ್ಲಿ ಇದರ ಉತ್ಪಾದನೆ ನಿಂತಿತು. ಹಾಗಾಗಿ ಅದೇ ಬೇಕು ಎಂದರೆ ಹೊಸತು ಸಿಗುವುದಿಲ್ಲ. ಬಿಡಿಭಾಗಗಳು ಮಾತ್ರ ಇವತ್ತಿಗೂ ಸಣ್ಣ ಪೇಟೆಯಲ್ಲೂ ಸಿಗುತ್ತವೆ, ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ. 'ಇಟ್ಟುಕೊಳ್ಳುವ' ಎಂದು ಮನಸ್ಸು ಹೇಳುವುದಕ್ಕೆ ಇದೂ ಒಂದು ಕಾರಣ.

ತುಕ್ಕು ಎಲ್ಲಿಂದ ಬಂತು?

ಮಳೆಗಾಲವನ್ನು ದೂರುವುದು ಸುಲಭ. ಆದರೆ ನನ್ನ ಭಾವನ ಓಮ್ನಿ ನನ್ನದಕ್ಕಿಂತ ಒಂದು ವರ್ಷ ಹಳೆಯದು, ಅದೇ ಮಳೆಯಲ್ಲಿ ನೆನೆದದ್ದು. ಅದರ ನೆಲ ಈಗಲೂ ಗಟ್ಟಿ ಉಂಟು. ಹಾಗಾದರೆ ವ್ಯತ್ಯಾಸ ಎಲ್ಲಿ? ಯೋಚಿಸಿದಾಗ ನನ್ನ ಕೆಲಸವೇ ನೆನಪಾಯಿತು.

ಬೋರ್ಡೋ ದ್ರಾವಣ ತಯಾರಿಸುವಾಗ ನಾವು ಚಾಕುವಿನ ಅಲಗು ಅದ್ದಿ ನೋಡುತ್ತೇವಲ್ಲ? ಅಲಗು ಕೆಂಪಾದರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ಎಂದರೆ ತಾಮ್ರ. ಮೈಲುತುತ್ತಿನಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಕೊಳೆರೋಗದ ಮದ್ದಿಗೆ ಎಂದು ಮೈಲುತುತ್ತಿನ ಚೀಲಗಳನ್ನು ಇದೇ ವ್ಯಾನಿನ ಹಿಂದೆ ಹಾಕಿ ತಂದವ ನಾನು. ಒಂದೆರಡು ಸಲ ಚೀಲ ಒಡೆದು ನೀಲಿ ಹರಳು ಮ್ಯಾಟಿನ ಅಡಿಗೆ ಸೇರಿದ್ದೂ ಉಂಟು. ಗುಡಿಸಿದೆ, ತೊಳೆಯಲಿಲ್ಲ. ಒದ್ದೆ ಕಾಲು, ಒದ್ದೆ ಕೊಡೆ, ಅದರ ಜತೆಗೆ ನೀಲಿ ಹರಳು. ಚಾಕುವಿನ ಪರೀಕ್ಷೆಯನ್ನು ಇಪ್ಪತ್ತು ವರ್ಷ ನನ್ನ ವ್ಯಾನಿನ ನೆಲದಲ್ಲೇ ಮಾಡಿದ ಹಾಗಾಯಿತು.

ಪೊಟಾಷ್ ಕೂಡಾ ಕಡಿಮೆಯದ್ದಲ್ಲ. ನಾವು ಕೊಳ್ಳುವ ಕೆಂಪು, ಬಿಳಿ ಪೊಟಾಷಿನಲ್ಲಿ ಇರುವುದು ಕ್ಲೋರೈಡು. ಕಡಲ ಬದಿಯ ಉಪ್ಪು ಗಾಳಿ ಕಬ್ಬಿಣಕ್ಕೆ ಮಾಡುವ ಕೆಲಸವನ್ನು ಇದೂ ಮಾಡುತ್ತದೆ. ಯೂರಿಯಾ, ಪೊಟಾಷ್ ಗಾಳಿಯ ತೇವ ಎಳೆದು ಒದ್ದೆಯಾಗಿಯೇ ಇರುವುದರಿಂದ ಬೇಸಿಗೆಯಲ್ಲೂ ಆ ಜಾಗ ಒಣಗುವುದಿಲ್ಲ.

ಭಾವನ ವ್ಯಾನಿನಲ್ಲಿ ಹೋಗುವುದು ಅಕ್ಕ, ಮಕ್ಕಳು ಮತ್ತು ದೇವಸ್ಥಾನಕ್ಕೆ ಹೂವು. ಗೊಬ್ಬರಕ್ಕೆ ಅವರು ಬಾಡಿಗೆ ಪಿಕಪ್ ಕರೆಯುತ್ತಾರೆ. 'ಸ್ವಂತ ಗಾಡಿ ಇದ್ದೂ ಬಾಡಿಗೆಯಾ ಭಾವ?' ಎಂದು ನಾನು ಎಷ್ಟೋ ಸಲ ತಮಾಷೆ ಮಾಡಿದ್ದೆ.

ಆ ರಾತ್ರಿ

ಜಾಕಿನ ಘಟನೆ ಆದ ಮೇಲೂ ನಾನು ಸುಮ್ಮನಿದ್ದೆ. ಮಳೆಗಾಲ ಕಳೆಯಲಿ, ಆಮೇಲೆ ವೆಲ್ಡಿಂಗ್ ಮಾಡಿಸುವ ಎಂದು. ಜುಲೈ ಕೊನೆಯ ಒಂದು ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಎದೆನೋವು, ಮೈಯೆಲ್ಲ ಬೆವರು. ಅವರನ್ನು ಎತ್ತಿ ಕೂರಿಸಿ ಕೀ ತಿರುಗಿಸಿದರೆ 'ಟಕ್' ಎಂಬ ಒಂದೇ ಸದ್ದು. ಬ್ಯಾಟರಿ ಹಿಂದಿನ ತಿಂಗಳಷ್ಟೇ ಹೊಸತು ಹಾಕಿದ್ದು. ಮತ್ತೆ ತಿರುಗಿಸಿದೆ. ಟಕ್. ನಮ್ಮ ದಾರಿ ಇಳಿಜಾರು, ನೂಕಿ ಸ್ಟಾರ್ಟ್ ಮಾಡುವ ಎಂದರೆ ಕೆಸರಿನಲ್ಲಿ ಚಕ್ರ ಜಾರುತ್ತಿತ್ತು. ಕೊನೆಗೆ ಕೆಳಗಿನ ಮನೆಯವರಿಗೆ ಫೋನು ಮಾಡಿ, ಅವರು ಜೀಪು ತಂದು, ನಾವು ಆಸ್ಪತ್ರೆ ಮುಟ್ಟುವಾಗ ಐವತ್ತು ನಿಮಿಷ ಹೆಚ್ಚಾಗಿತ್ತು.

ಅಮ್ಮ ಉಳಿದರು. ಈಗ ಅಂಗಳದಲ್ಲಿ ಅಡಿಕೆ ಹೆಕ್ಕುವಷ್ಟು ಆರೋಗ್ಯ ಉಂಟು. ಆದರೆ ಡಾಕ್ಟರು ಹೊರಗೆ ಕರೆದು 'ಹೊರಡುವಾಗ ಇಷ್ಟು ತಡ ಮಾಡಿದ್ದು ಯಾಕೆ?' ಎಂದು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಮರುದಿನ ಮೆಕ್ಯಾನಿಕ್ ಬಂದು ಐದು ನಿಮಿಷದಲ್ಲಿ ಕಾರಣ ಹಿಡಿದರು. ಬ್ಯಾಟರಿಯ ನೆಗೆಟಿವ್ ವಯರನ್ನು ಬಾಡಿಯ ತಗಡಿಗೆ ಬೋಲ್ಟು ಹಾಕಿ ಅರ್ತ್ ಕೊಟ್ಟಿರುತ್ತಾರೆ. ಆ ಬೋಲ್ಟಿನ ಸುತ್ತಲಿನ ತಗಡೇ ತುಕ್ಕಾಗಿತ್ತು. ಲೈಟು ಉರಿಯುವಷ್ಟು ಕರೆಂಟು ದಾಟುತ್ತದೆ, ಸ್ಟಾರ್ಟರ್ ತಿರುಗಿಸುವಷ್ಟು ದಾಟುವುದಿಲ್ಲ. 'ಅಣ್ಣ, ನಿಮ್ಮ ಎಂಜಿನಿಗೆ ಎಂತದೂ ಆಗ್ಲಿಲ್ಲ. ನಾನೇ ಕಟ್ಟಿದ್ದು, ಇನ್ನೂ ಹತ್ತು ವರ್ಷ ಓಡ್ತದೆ. ಆದ್ರೆ ಅದನ್ನು ಹೊತ್ತುಕೊಂಡಿರುವ ಪೆಟ್ಟಿಗೆ ಉಂಟಲ್ಲ, ಅದನ್ನೊಮ್ಮೆ ಟಿಂಕರಿಂಗಿನವರಿಗೆ ತೋರಿಸಿ' ಎಂದರು.

ಲೆಕ್ಕದ ಪುಸ್ತಕ

ನನಗೆ ಒಂದು ಒಳ್ಳೆಯ ಅಭ್ಯಾಸ ಉಂಟು. ವ್ಯಾನಿನ ಖರ್ಚನ್ನು ತೋಟದ ಖರ್ಚಿನ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುವುದು. ಬರೆದದ್ದನ್ನು ಕೂಡಿಸಿ ನೋಡಿರಲಿಲ್ಲ ಅಷ್ಟೆ! ಪೆಟ್ರೋಲು, ಇನ್ಶೂರೆನ್ಸು, 2022ರ ಎಂಜಿನ್ ಕೆಲಸ ಬಿಟ್ಟು ಬರೀ ರಿಪೇರಿ ಹೀಗಿತ್ತು: 2021ರಲ್ಲಿ 9,000, 2022ರಲ್ಲಿ 12,000, 2023ರಲ್ಲಿ 17,000, 2024ರಲ್ಲಿ 24,000, 2025ರ ಆಗಸ್ಟ್ ತನಕ 28,000. ಐದು ವರ್ಷಕ್ಕೆ 90,000 ರೂಪಾಯಿ.

ಮೊತ್ತಕ್ಕಿಂತ ನನಗೆ ಹೆಚ್ಚು ತಿಳಿಸಿದ್ದು ಇನ್ನೊಂದು ಸಂಗತಿ. ಕೆಂಪು ಪೆನ್ನು ಹಿಡಿದು ಪ್ರತಿ ಖರ್ಚಿನ ಎದುರು ಒಂದು ಗುರುತು ಹಾಕಿದೆ. ಸವೆದು ಬದಲಿಸಿದ್ದಕ್ಕೆ 'ಸ', ತುಕ್ಕಿನಿಂದ ಹೋದದ್ದಕ್ಕೆ 'ತು'. ಬ್ರೇಕ್ ಶೂ, ಬೇರಿಂಗ್, ಬ್ಯಾಟರಿ, ಬೆಲ್ಟು ಎಲ್ಲ 'ಸ'. ಸೈಲೆನ್ಸರ್, ಬ್ರೇಕಿನ ಪೈಪು, ಬಾಗಿಲಿನ ಕೆಳಗಿನ ಜಾರುಹಳಿ, ಮಡ್‌ಗಾರ್ಡಿನ ತೇಪೆ, ಹಿಂದಿನ ಬಾಗಿಲ ತಿರುಗಣೆ ಎಲ್ಲ 'ತು'. 2021ರಲ್ಲಿ 'ತು' ಒಂದೇ ಒಂದು. 2025ರ 28,000ದಲ್ಲಿ 'ತು' ರೂ. 19,000!

ಸವೆದ ಭಾಗ ಹೊಸತು ಹಾಕಿದರೆ ಮುಂದಿನ ಹಲವು ವರ್ಷ ಅದರ ಸುದ್ದಿ ಇಲ್ಲ. ತುಕ್ಕಿಗೆ ಕೊಟ್ಟ ಹಣ ಮಾತ್ರ ಮರುವರ್ಷ ಪಕ್ಕದ ತಗಡಿಗೆ ಮತ್ತೆ ಕೊಡಬೇಕು. ತೇಪೆ ಹಾಕಲು ಗಟ್ಟಿ ಅಂಚು ಬೇಕಲ್ಲ? ಆ ಅಂಚೇ ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತದೆ. ನಿಮ್ಮ ಗಾಡಿಯ ಐದು ವರ್ಷದ ಬಿಲ್ಲುಗಳಿದ್ದರೆ ಒಂದು ಸಂಜೆ ಕೂತು ಈ 'ಸ', 'ತು' ಗುರುತು ಹಾಕಿ ನೋಡಿ. ಬಿಲ್ಲಿಲ್ಲದಿದ್ದರೆ ಮೆಕ್ಯಾನಿಕನ ನೆನಪೂ ಸಾಕು.

ಎಷ್ಟು ಮಳೆಗಾಲ ಓಡಬೇಕು?

ಬೆಂಗಳೂರಿನಲ್ಲಿರುವ ಮಗ 'ಅಪ್ಪ, ಸುಮ್ಮನೆ ಹೊಸತು ತೆಗೆಯಿರಿ, ತಿಂಗಳಿಗೆ ಇಷ್ಟು ಕಂತು, ನಾನು ಅರ್ಧ ಕೊಡ್ತೇನೆ' ಎಂದ. ಭಾವ 'ಗಾಡಿಗೆ ಮೂವತ್ತು ಸಾವಿರ ಬೆಲೆ ಬಾಳುದಿಲ್ಲ, ಅದಕ್ಕೆ ಐವತ್ತು ಸಾವಿರದ ವೆಲ್ಡಿಂಗಾ?' ಎಂದರು. ಹೀಗೆ ಹೇಳುವವರು ತುಂಬ ಜನ. ರಿಪೇರಿಯ ಖರ್ಚು ಗಾಡಿಯ ಬೆಲೆಗಿಂತ ಹೆಚ್ಚಾದರೆ ಮಾಡಿಸಬಾರದು ಎಂಬುದು ಅವರ ಸೂತ್ರ. ನನಗೆ ಅದು ಸರಿ ಎನಿಸುವುದಿಲ್ಲ. ಗಾಡಿಯನ್ನು ನಾನು ಮಾರಲು ಹೊರಟಿಲ್ಲ, ಓಡಿಸಲು ಹೊರಟಿದ್ದೇನೆ. ಮಾರುವ ಬೆಲೆ ಕಟ್ಟಿಕೊಂಡು ನನಗೇನು? ಇದೇ ಓಡಾಟಕ್ಕೆ ಬೇರೆ ಗಾಡಿ ಇಟ್ಟರೆ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂಬುದರ ಜತೆ ಹೋಲಿಸಬೇಕು.

ಹಾಗೆ ಕೂತು ಲೆಕ್ಕ ಹಾಕಿದೆ. ಓಮ್ನಿ ಇಟ್ಟುಕೊಂಡರೆ ಒಮ್ಮೆಗೆ ಆಗುವ ಖರ್ಚು: ನೆಲ ಮತ್ತು ಅಡಿಯ ತೊಲೆಗಳ ವೆಲ್ಡಿಂಗ್ 48,000, ಟಯರು ನಾಲ್ಕು 12,000, ನೋಂದಣಿ ನವೀಕರಣ 10,000. ಒಟ್ಟು 70,000. ಪ್ರತಿವರ್ಷದ್ದು: ರಿಪೇರಿ ಐದು ವರ್ಷದ ಸರಾಸರಿ 18,000, ಥರ್ಡ್ ಪಾರ್ಟಿ ಇನ್ಶೂರೆನ್ಸು ತೆರಿಗೆ ಸೇರಿ ಸುಮಾರು 2,500. ಅಂದರೆ 20,500.

ಈ ನೋಂದಣಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಊರಲ್ಲಿ ತಪ್ಪು ಸುದ್ದಿ ಬಹಳ. ಹದಿನೈದು ವರ್ಷ ಆದ ಗಾಡಿ ಓಡಿಸುವಂತಿಲ್ಲ ಎಂದು ಹೆದರಿಸುವವರಿದ್ದಾರೆ. ಡೀಸೆಲಿಗೆ ಹತ್ತು, ಪೆಟ್ರೋಲಿಗೆ ಹದಿನೈದು ವರ್ಷ ಎಂಬ ಗಡಿಯ ಗಲಾಟೆ ದೆಹಲಿ ಸುತ್ತಿನದ್ದು. ನಮ್ಮಲ್ಲಿ ಖಾಸಗಿ ಕಾರಿನ ಆರ್.ಸಿ. ಮೊದಲು 15 ವರ್ಷಕ್ಕೆ. ಆಮೇಲೆ ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ನೋಡಿ ಸರಿ ಇದ್ದರೆ ಐದೈದು ವರ್ಷಕ್ಕೆ ನವೀಕರಿಸುತ್ತಾರೆ. ಶುಲ್ಕ ಮಾತ್ರ ಏರಿದೆ. ಕೊರೋನಾದಿಂದ ಮುಂದೆ ಹೋಗಿ 2021ರಲ್ಲಿ ನಾನು ನವೀಕರಿಸುವಾಗ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ ಬಂದ ತಿದ್ದುಪಡಿಯಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000. ಭಾವನ 2004ರ ವ್ಯಾನು 2024ರಲ್ಲೇ 5,000ಕ್ಕೆ ದಾಟಿತು, ನನ್ನದು ದೊಡ್ಡ ಶುಲ್ಕಕ್ಕೆ ಸರಿಯಾಗಿ ಸಿಕ್ಕಿಬಿತ್ತು. ಹಸಿರು ತೆರಿಗೆ, ಹೊಗೆ ತಪಾಸಣೆ ಇತ್ಯಾದಿ ಚಿಲ್ಲರೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಈಗ ಇನ್ನೊಂದು ಬದಿ. ಓಮ್ನಿಯ ಜಾಗಕ್ಕೆ ಬರಬಲ್ಲದ್ದು ಈಕೋ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿದರೂ, ಜೀವಾವಧಿ ತೆರಿಗೆ, ಇನ್ಶೂರೆನ್ಸು ಸೇರಿ ರಸ್ತೆಗಿಳಿಯುವಾಗ ಆರು ಲಕ್ಷ ದಾಟುತ್ತದೆ ಎಂದು ನನಗೆ ಲೆಕ್ಕ ಕೊಟ್ಟರು. ಹನ್ನೆರಡು ವರ್ಷ ಇಟ್ಟುಕೊಂಡರೂ ಬೆಲೆ ಇಳಿತ, ಬಡ್ಡಿ, ಇನ್ಶೂರೆನ್ಸು, ರಿಪೇರಿ ಎಲ್ಲ ಸೇರಿ ವರ್ಷಕ್ಕೆ 80,000 ದಾಟಿತು. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿಸುವ ನನಗೆ ಅದು ಹೆಚ್ಚಾಯಿತು.

ಹಾಗಾಗಿ ಸೆಕೆಂಡ್ ಹ್ಯಾಂಡ್. ರೂ. 3,10,000ಕ್ಕೆ ಎಂಟು ವರ್ಷ ಹಳೆಯ ಈಕೋ. ಆರು ವರ್ಷ ಬಿಟ್ಟು ಒಂದು ಲಕ್ಷಕ್ಕೆ ಮಾರಿದರೆ ಇಳಿಯುವ ಬೆಲೆ 2,10,000. ವರ್ಷಕ್ಕೆ 35,000. ಆ ಹಣ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿ, ಸರಾಸರಿ ಎರಡು ಲಕ್ಷಕ್ಕೆ ಶೇಕಡಾ 7ರಂತೆ, 14,000. ರಿಪೇರಿ 9,000, ಪೂರ್ತಿ ಇನ್ಶೂರೆನ್ಸು 9,000. ಒಟ್ಟು 67,000. ಪೆಟ್ರೋಲು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಎಂದು ಬಿಟ್ಟೆ.

ಈಗ ನೋಡಿ ಮಜಾ. ವೆಲ್ಡಿಂಗ್ ಮಾಡಿಸಿದ ಓಮ್ನಿ ಐದು ವರ್ಷ ಓಡಿದರೆ ಆ 70,000 ವರ್ಷಕ್ಕೆ 14,000ದಂತೆ ಹಂಚಿ, 20,500 ಸೇರಿ, 34,500. ಈಕೋದ ಅರ್ಧ! ಒಂದೇ ವರ್ಷ ಓಡಿದರೆ 90,500. ಅದು ಹೊಸ ಗಾಡಿಗಿಂತಲೂ ದುಬಾರಿ. ಸಮ ಆಗುವುದು ಎಲ್ಲಿ? ಓಮ್ನಿಯಲ್ಲಿ ವರ್ಷಕ್ಕೆ ಉಳಿಯುವುದು 67,000ದಲ್ಲಿ 20,500 ಕಳೆದು 46,500. ಎಪ್ಪತ್ತು ಸಾವಿರವನ್ನು ಇದರಿಂದ ಭಾಗಿಸಿದರೆ ಒಂದೂವರೆ ವರ್ಷ. ರಿಪೇರಿಯನ್ನು ಸರಾಸರಿ 18,000ದ ಬದಲು ಈ ವರ್ಷದ 28,000 ಎಂದೇ ಹಿಡಿದರೆ (ಹಾಗೆ ಹಿಡಿಯುವುದೇ ಪ್ರಾಮಾಣಿಕ) ಸುಮಾರು ಎರಡು ವರ್ಷ.

ಅಂದರೆ ಇಡೀ ಗೊಂದಲ ಒಂದು ಸಣ್ಣ ಪ್ರಶ್ನೆಗೆ ಇಳಿಯಿತು. ಈ ವೆಲ್ಡಿಂಗ್ ಎರಡು ಮಳೆಗಾಲ ದಾಟುತ್ತದೋ ಇಲ್ಲವೋ? ಇದಕ್ಕೆ ಉತ್ತರ ಹೇಳಬಲ್ಲವ ನಾನೂ ಅಲ್ಲ, ಮಗನೂ ಅಲ್ಲ, ಸುತ್ತಿಗೆ ಹಿಡಿದವ.

ಸುತ್ತಿಗೆಯ ಸದ್ದು

ಪುತ್ತೂರಿನ ಹತ್ತಿರ ಒಬ್ಬರು ಟಿಂಕರಿಂಗ್ ಕೆಲಸದವರಿದ್ದಾರೆ, ಹಳೇ ಕೈ. ಅವರು ವ್ಯಾನನ್ನು ಎತ್ತಿ ನಿಲ್ಲಿಸಿ, ಸೀಟು, ಮ್ಯಾಟು ಎಲ್ಲ ತೆಗೆಸಿ, ಒಂದು ಸಣ್ಣ ಸುತ್ತಿಗೆ ಮತ್ತು ಹಳೆ ಸ್ಕ್ರೂಡ್ರೈವರ್ ಹಿಡಿದು ಒಂದು ಗಂಟೆ ಬಡಿದು ನೋಡಿದರು. ಗಟ್ಟಿ ತಗಡು 'ಟಣ್' ಎನ್ನುತ್ತದೆ. ಹೋದದ್ದು 'ಡಬ್' ಎನ್ನುತ್ತದೆ. ಹಲಸಿನ ಹಣ್ಣು ಬಡಿದು ನೋಡುವ ನಮಗೆ ಇದು ಕಷ್ಟದ ವಿದ್ಯೆಯಲ್ಲ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಇಳಿಯುತ್ತದೆ.

ಅವರು ನೋಡಿದ ಜಾಗಗಳನ್ನು ನಾನು ಬರೆದುಕೊಂಡೆ. ಜಾಕ್ ಇಡುವ ಅಂಚು, ಬಾಗಿಲಿನ ಕೆಳಗಿನ ಪಟ್ಟಿ, ಮುಂದೆ ಕಾಲಿಡುವ ನೆಲ, ಚಕ್ರದ ಮೇಲಿನ ಕಮಾನು, ಸೀಟಿನ ಬೋಲ್ಟು ಮತ್ತು ಬೆಲ್ಟಿನ ಬೋಲ್ಟು ಕೂರುವಲ್ಲಿ, ಬ್ರೇಕಿನ ಕಬ್ಬಿಣದ ಪೈಪು ಉದ್ದಕ್ಕೂ. ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಹಿಂದಿನ ಪ್ಲೇಟ್ ಸ್ಪ್ರಿಂಗಿನ ತುದಿಗಳನ್ನು ಹಿಡಿದಿರುವ ಬ್ರಾಕೆಟುಗಳನ್ನು. ನಮ್ಮ ಹಳೆ ಜೀಪುಗಳಿಗೆ ಚಾಸಿ ಬೇರೆ, ಬಾಡಿ ಬೇರೆ. ಬಾಡಿ ಹಾಳಾದರೆ ಬೋಲ್ಟು ಬಿಚ್ಚಿ ಇನ್ನೊಂದು ಕೂರಿಸಬಹುದು. ಅದಕ್ಕೇ ನಲವತ್ತು ವರ್ಷದ ಜೀಪುಗಳು ಇನ್ನೂ ಗುಡ್ಡೆ ಹತ್ತುತ್ತಿವೆ. ವ್ಯಾನು, ಸಣ್ಣ ಕಾರುಗಳಲ್ಲಿ ಹಾಗಿಲ್ಲ. ತೊಲೆ, ನೆಲ ಎಲ್ಲ ಒಟ್ಟಿಗೇ ಬೆಸೆದಿರುತ್ತದೆ, ಹೇರು ಹೊರುವುದೂ ಅದೇ.

'ನೆಲಕ್ಕೆ ಹೊಸ ತಗಡು ಹಾಕಿ ಕೊಡ್ತೇನೆ, ಅದು ನಿಲ್ತದೆ. ಈ ಸ್ಪ್ರಿಂಗ್ ಕೂರುವ ಜಾಗ ಉಂಟಲ್ಲ, ಇಲ್ಲಿ ವೆಲ್ಡಿಂಗ್ ಹಿಡಿಯಲಿಕ್ಕೆ ಒಳಗೆ ಕಬ್ಬಿಣವೇ ಇಲ್ಲ. ತೇಪೆ ಹಾಕಿ ಬಣ್ಣ ಕೊಟ್ರೆ ನೋಡ್ಲಿಕ್ಕೆ ಲಾಯ್ಕ ಆಗ್ತದೆ, ಬ್ರೇಕ್ ಇನ್‌ಸ್ಪೆಕ್ಟರಿಗೂ ಗೊತ್ತಾಗ್ಲಿಕ್ಕಿಲ್ಲ. ಆದ್ರೆ ನಾಲ್ಕು ಗೋಣಿ ಅಡಿಕೆ ಹಾಕಿ ಘಾಟಿ ತಿರುಗಿಸುವಾಗ ಇದು ಬಿಟ್ರೆ ಹಿಂದಿನ ಚಕ್ರ ಅಡ್ಡ ಹೋಗ್ತದೆ. ಒಂದು ಮಳೆಗಾಲಕ್ಕೂ ನಾನು ಮಾತು ಕೊಡುದಿಲ್ಲ' ಎಂದರು.

48,000ದ ಕೆಲಸವನ್ನು ಕೈಯಾರೆ ಬಿಟ್ಟ ಮನುಷ್ಯ. ಅವರು ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ, ನಾನೇ ಒತ್ತಾಯ ಮಾಡಿ 500 ಕೊಟ್ಟೆ.

ಅಲ್ಲಿಂದ ಬರುವಾಗಲೂ ನನಗೆ ಆ 2022ರ ಎಂಜಿನ್ ಬಿಲ್ಲು ಕಣ್ಣೆದುರಿಗೇ ಇತ್ತು. 38,000 ಹಾಕಿದ್ದೇನಲ್ಲ, ಈಗ ಬಿಡುವುದು ಹೇಗೆ? ನಮ್ಮ ಬದಿಯಲ್ಲಿ ಹಳದಿರೋಗದ ತೋಟಗಳನ್ನು ಕಂಡವರಿಗೆ ಈ ಮನಸ್ಸು ಅರ್ಥವಾದೀತು. ಹೋದ ವರ್ಷ ಬುಡಕ್ಕೆ ಅಷ್ಟು ಗೊಬ್ಬರ ಹಾಕಿದ್ದೇವೆ ಎಂದು ಈ ವರ್ಷವೂ ಹಾಕಿ, ಮತ್ತೊಂದು ವರ್ಷವೂ ಹಾಕಿ ಕೂತವರು ಎಷ್ಟು ಮಂದಿ! ಮರಕ್ಕೆ ಹಿಂದಿನ ಗೊಬ್ಬರದ ನೆನಪು ಇರುವುದಿಲ್ಲ.

ಅಮ್ಮನಿಗೆ ಹೇಳುವುದು ಹೇಗೆ ಎಂಬುದೂ ಒಂದು ಚಿಂತೆ ಇತ್ತು, ಅಪ್ಪ ತೆಗೆದ ಗಾಡಿ ಅಲ್ಲವೇ. ಹೇಳಿದೆ. 'ನಿನ್ನ ಅಪ್ಪ ಇದ್ದಿದ್ದರೆ ಮೂರು ವರ್ಷದ ಹಿಂದೆಯೇ ಕೊಡ್ತಿದ್ದರು' ಎಂದರು ಅಮ್ಮ.

ಭಾವನದ್ದು ಬೇರೆ ಉತ್ತರ

ಅದೇ ವಾರ ಭಾವನ ವ್ಯಾನನ್ನೂ ಬಡಿಸಿದೆವು. ಎಲ್ಲ ಕಡೆ 'ಟಣ್'. ಆದರೆ ಅವರ ಎಂಜಿನ್ ನೀಲಿ ಹೊಗೆ ಬಿಡುತ್ತಿತ್ತು, ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಆಯಿಲ್. ಬೋರ್ ಕೆಲಸಕ್ಕೆ 46,000 ಎಂದರು. ನನ್ನ ಗಾಡಿಯನ್ನು ಬಿಡು ಎಂದ ಅದೇ ಲೆಕ್ಕ ಅವರ ಗಾಡಿಯನ್ನು ಮಾಡಿಸು ಎಂದಿತು. ಸವೆದ ಭಾಗ ಹೊಸತಾಗುತ್ತದೆ, ಪೆಟ್ಟಿಗೆ ಗಟ್ಟಿ ಇದೆ, ನಾಲ್ಕೈದು ವರ್ಷ ಅನುಮಾನವಿಲ್ಲ. ಮಾಡಿಸಿದರು. ಈಗ ಓಡುತ್ತಾ ಉಂಟು. ಗಾಡಿಯ ಬೆಲೆಗಿಂತ ರಿಪೇರಿ ಹೆಚ್ಚಾಗಬಾರದು ಎಂದಿದ್ದ ತಮ್ಮ ಸೂತ್ರವನ್ನು ಅವರು ಈಗ ಹೇಳುವುದಿಲ್ಲ.

ಎಂಜಿನ್ ಕೆಲಸದ ಜತೆಗೆ ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಬದಲಿಸಿದ್ದಾರೆ. ಈಗ ಬಂಕುಗಳಲ್ಲಿ ಬರುವುದು ಶೇಕಡಾ 20 ಎಥನಾಲ್ ಸೇರಿದ ಪೆಟ್ರೋಲು. ಇಪ್ಪತ್ತು ವರ್ಷ ಹಳೆಯ ಗಾಡಿಯ ರಬ್ಬರು ಅದನ್ನು ನೋಡಿ ತಯಾರಾದದ್ದಲ್ಲ. ಪೈಪು ಉಬ್ಬಿ, ಬಿರಿದು ಸೋರಿದರೆ ಓಮ್ನಿಯಲ್ಲಿ ಎಂಜಿನ್ ಇರುವುದು ನಾವು ಕೂರುವ ಸೀಟಿನ ಅಡಿಯಲ್ಲೇ, ನೆನಪಿರಲಿ. ಎಥನಾಲ್ ನೀರನ್ನೂ ಎಳೆಯುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸುವ ಗಾಡಿಗೆ ಇದು ಒಳ್ಳೆಯದಲ್ಲ.

ನನ್ನ ಎಂಜಿನನ್ನೇ ಭಾವನ ವ್ಯಾನಿಗೆ ಕೂರಿಸಬಾರದೇ ಎಂದು ನಾವಿಬ್ಬರೂ ಯೋಚಿಸಿದ್ದೆವು. ಎಂಜಿನ್ ಬದಲಿಸಿದರೆ ನಂಬರನ್ನು ಆರ್.ಸಿ.ಯಲ್ಲಿ ತಿದ್ದಿಸಬೇಕು, ಅದಕ್ಕೆ ಆರ್.ಟಿ.ಓ. ಅನುಮತಿ ಬೇಕು. ಎಂಜಿನ್ ಇಲ್ಲದ ನನ್ನ ಗಾಡಿಯ ಆರ್.ಸಿ. ರದ್ದು ಮಾಡಿಸುವುದು ಇನ್ನೊಂದು ಓಡಾಟ. ಅಡಿಕೆ ಕೊಯ್ಲಿನ ಹೊತ್ತು, ಇಬ್ಬರಿಗೂ ಪುರುಸೊತ್ತಿಲ್ಲ. ಬಿಟ್ಟೆವು. ಓಮ್ನಿಯನ್ನು ನೋಂದಾಯಿತ ಗುಜರಿ ಘಟಕಕ್ಕೆ ಕೊಟ್ಟೆ, ಲಾರಿ ಬಾಡಿಗೆ ಕಳೆದು ಕೈಗೆ ಸಿಕ್ಕಿದ್ದು 17,000. ಆ ಒಳ್ಳೆಯ ಎಂಜಿನೂ ಅದರೊಟ್ಟಿಗೇ ಹೋಯಿತು. ಊರ ಗುಜರಿಯವರು ನಾಲ್ಕು ಸಾವಿರ ಹೆಚ್ಚು ಕೊಡಲು ತಯಾರಿದ್ದರು. ಆದರೆ ಆರ್.ಸಿ. ರದ್ದಾಗದೆ ಗಾಡಿ ಅಂಗಳ ದಾಟಿದರೆ, ನಂಬರು ಬೇರೆಲ್ಲೋ ಓಡಾಡಿದರೂ ಕಾಗದದಲ್ಲಿ ಯಜಮಾನ ನಾನೇ ಆಗಿರುತ್ತೇನೆ. ಘಟಕದವರು ಕೊಡುವ ಪ್ರಮಾಣಪತ್ರ ಹೊಸ ಗಾಡಿ ತೆಗೆಯುವವರಿಗೆ ನೋಂದಣಿ ಶುಲ್ಕದಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೆಯದು ತೆಗೆದ ನನಗೆ ಅದರಿಂದ ಲಾಭವಾಗಲಿಲ್ಲ.

ತಂದದ್ದನ್ನು ನೋಡಿದ ರೀತಿ

ಸೆಕೆಂಡ್ ಹ್ಯಾಂಡ್ ಹುಡುಕುವಾಗ ಮೆಕ್ಯಾನಿಕನನ್ನು ಜತೆಗೆ ಕರೆದುಕೊಂಡು ಹೋದೆ, ದಿನಕ್ಕೆ ಸಾವಿರ ರೂಪಾಯಿ ಕೊಟ್ಟು. ಈ ಸಲ ಮೊದಲು ನೆಲ, ಆಮೇಲೆ ಎಂಜಿನ್. ಮೊದಲ ಗಾಡಿಯ ಅಡಿಗೆ ಹೊಸತಾಗಿ ಕಪ್ಪು ಬಣ್ಣ ಬಳಿದಿದ್ದರು, ಇನ್ನೂ ವಾಸನೆ ಹೋಗಿರಲಿಲ್ಲ. ಹಳೆ ಗಾಡಿಯ ಅಡಿ ಅಷ್ಟು ಚಂದ ಇದ್ದರೆ ಯಾಕೆ ಎಂದು ಕೇಳಬೇಕು. ಕೇಳಿದೆವು, ಉತ್ತರ ಸರಿ ಬರಲಿಲ್ಲ. ಎರಡನೆಯದರ ಸೀಟ್ ಬೆಲ್ಟನ್ನು ಮೆಕ್ಯಾನಿಕ್ ಕೊನೆಯ ತನಕ ಎಳೆದರು. ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಗೆರೆ! ನೆರೆ ನೀರಿನಲ್ಲಿ ನಿಂತ ಗಾಡಿಯನ್ನು ಎಷ್ಟು ತೊಳೆದರೂ ಅಲ್ಲಿ ಮಾತ್ರ ಯಾರೂ ತೊಳೆಯುವುದಿಲ್ಲವಂತೆ. ಮೂರನೆಯದು 2017ರದ್ದು, 62,000 ಕಿಲೋಮೀಟರ್ ಓಡಿದ್ದು, ಶಾಲಾ ಮೇಷ್ಟ್ರೊಬ್ಬರದ್ದು. ಅಡಿಯಲ್ಲಿ ಸಹಜವಾದ ಧೂಳು, ಬಡಿದರೆ 'ಟಣ್'. ಎಂಜಿನ್ ಸ್ವಲ್ಪ ಸದ್ದು ಮಾಡುತ್ತಿತ್ತು. ಅದನ್ನು ತೋರಿಸಿ ಹತ್ತು ಸಾವಿರ ಇಳಿಸಿ, 3,10,000ಕ್ಕೆ ತೆಗೆದೆ. ಆಮೇಲೆ ವಾಲ್ವು ಹೊಂದಾಣಿಕೆಗೆ ಆದದ್ದು 1,800.

ಮನೆಗೆ ತಂದ ಮೊದಲ ವಾರ ಮಾಡಿದ ಕೆಲಸಗಳು ಇವು. ಬಾಗಿಲಿನ ಕೆಳಗೆ ಮತ್ತು ನೆಲದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ, ಅವನ್ನೆಲ್ಲ ಸೈಕಲ್ ಕಡ್ಡಿಯಿಂದ ಬಿಡಿಸಿದೆ. ಎರಡರಲ್ಲಿ ಅಡಿಕೆ ಸಿಪ್ಪೆಯ ನಾರು ತುಂಬಿತ್ತು, ಅಂದರೆ ಮೇಷ್ಟ್ರಿಗೂ ತೋಟ ಇತ್ತು! ಬ್ಯಾಟರಿಯ ಅರ್ತ್ ಬೋಲ್ಟು ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಬಿಗಿದೆ. ಇದನ್ನು ಪ್ರತಿ ಮೇ ತಿಂಗಳಲ್ಲಿ ಮಾಡಬೇಕೆಂದು ಕ್ಯಾಲೆಂಡರಿನಲ್ಲಿ ಅಮ್ಮನ ಕೈಯಿಂದಲೇ ಬರೆಸಿದ್ದೇನೆ. ಹಿಂದಿನ ನೆಲಕ್ಕೆ ಅಂಚು ಎದ್ದಿರುವ ಪ್ಲಾಸ್ಟಿಕ್ ಟ್ರೇ ಹಾಕಿಸಿದೆ, ಬೇಕಾದಾಗ ಎತ್ತಿ ತೊಳೆಯಬಹುದು. ಮೈಲುತುತ್ತು ಈಗ ಬರುವುದು ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಗೊಬ್ಬರದ ಮೂಟೆಗೆ ಪಿಕಪ್. ಬಾಡಿಗೆ ಕೊಡುವಾಗ ಭಾವ ಎದುರಿಗೆ ಸಿಕ್ಕಿದರೆ ಮಾತ್ರ ಸ್ವಲ್ಪ ಕಷ್ಟ.